ಎಡಕ್ಕೆ ಮಾತ್ರ

ಪಳಂಗಪ್ಪನವರ ಎಂ.ಜಿ. ಎಡಕ್ಕೆ ತಿರುಗಿದರೆ ಸಾಯುತ್ತದೆ.
ಬಲಕ್ಕೆ ಏನೂ ಇಲ್ಲ. ನೇರಕ್ಕೆ ಏನೂ ಇಲ್ಲ.
ಎಡಕ್ಕೆ, ಅದೂ ಮೂರನೇ ಗೇರಿನಲ್ಲಿ, ಕಾಲು ತುಸು ಒತ್ತಿದಾಗ
ಸೂಜಿಗಳೆಲ್ಲ ಒಟ್ಟಿಗೆ ಮಲಗುತ್ತವೆ.
ತಿರುವು ಮುಗಿದರೆ, ಏನೂ ಆಗದವರ ಹಾಗೆ ಏಳುತ್ತವೆ.

ವಿರಾಜಪೇಟೆಯಲ್ಲಿ ಕಾಯಿಲ್ ಬದಲಿಸಿದರು.
ಮಡಿಕೇರಿಯಲ್ಲಿ ಡಿಸ್ಟ್ರಿಬ್ಯೂಟರ್.
ಮೈಸೂರಿನವನು ಲ್ಯಾಪ್‌ಟಾಪ್ ತಂದು
ಚುಚ್ಚಲು ತೂತು ಹುಡುಕಿ, ಸಿಗದೆ,
ಕಾಫಿ ಕುಡಿದು ಹೋದ.
ಕೊನೆಗೆ ಗೋಣಿಕೊಪ್ಪದ ನನ್ನ ಶೆಡ್ಡಿಗೆ
ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು,
ಅರುವತ್ತನಾಲ್ಕರ ಮಾಡೆಲ್ಲು,
ಕಣದಲ್ಲಿ ಮರೆತ ಕಾಫಿ ಹಣ್ಣಿನ ಕೆಂಪು.

"ಇದು ಮೈಗೆ ಪ್ಲಸ್ ಕಟ್ಟಿದ ಜಾತಿ" ಅಂದೆ ಸಿನೋಜನಿಗೆ.
"ಕಲಿತದ್ದನ್ನೆಲ್ಲ ಮಗುಚಿ ಹಾಕು, ಆಮೇಲೆ ಕೈ ಹಾಕು."
ನನಗೆ ಹೇಳಿಕೊಟ್ಟವರು ವರ್ಕಿ ಆಶಾನ್,
ಮಾಕುಟ್ಟ ಘಾಟಿ ಹತ್ತಿ ಬಂದವರು, ಬೀಡಿ ಕಿವಿಯ ಮೇಲೆ:
ಕಂದು ತಂತಿ ಯಾವತ್ತೂ ಜೀವಂತ.
ಬಿಳಿ, ಕೀ ತಿರುಗಿಸಿದ ಮೇಲೆ.
ಹಸಿರು, ಫ್ಯೂಸ್ ದಾಟಿ ಬಂದದ್ದು.
ಕಪ್ಪು, ಮನೆಗೆ ವಾಪಸು ಹೋಗುವುದು.
ಈಗ ಎಲ್ಲಕ್ಕೂ ಒಂದೇ ಬಣ್ಣ, ಕಷಾಯದ್ದು.
ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದರೆ
ನಾಚುತ್ತ ತನ್ನ ಹೆಸರು ಹೇಳುತ್ತದೆ.

ಮೂರು ದಿನ.
ನಿಂತ ಗಾಡಿಯಲ್ಲಿ ಎಲ್ಲ ಸರಿ. ಮೀಟರು ಹನ್ನೆರಡು ಪಾಯಿಂಟ್ ಆರು,
ಪರೀಕ್ಷೆಯ ದಿನ ಮಾತ್ರ ತಲೆ ಬಾಚಿದ ಹುಡುಗನ ಹಾಗೆ.
ನಾಲ್ಕನೇ ಬೆಳಿಗ್ಗೆ ಸಿನೋಜನ ಕೈಗೆ ಸ್ಟೇರಿಂಗ್ ಕೊಟ್ಟು
ನಾನು ಎಡಸೀಟಿನಲ್ಲಿ ತಲೆಕೆಳಗಾದೆ,
ಕಾಲು ಹೆಡ್‌ರೆಸ್ಟಿಲ್ಲದ ಸೀಟಿನ ಮೇಲೆ, ತಲೆ ಡ್ಯಾಶಿನಡಿ,
ಬಾಯಲ್ಲಿ ಟಾರ್ಚು, ಕೈಯಲ್ಲಿ ಟೆಸ್ಟ್ ಲ್ಯಾಂಪು.
ಹಾತೂರಿನ ರಸ್ತೆ ನನಗೆ ಬೆನ್ನಿನಲ್ಲಿ ಗೊತ್ತಾಯಿತು:
ಇದು ಹಂಪು, ಇದು ಮೋರಿ,
ಇದು ಸಿನೋಜ ಯಾರಿಗೋ ಕೈ ಬೀಸಿದ್ದು.
ಎಡತಿರುವು.
ಬಲ್ಬು ಹೋಯಿತು.

"ನಿಲ್ಲಿಸಬೇಡ! ಇನ್ನೊಂದು ಸಲ!"
ಏಳು ಸಲ ಹೋಗಿ ಬಂದೆವು. ಬಸ್‌ಸ್ಟಾಪಿನವರು ಎಣಿಸಿದರಂತೆ.
ಪ್ರತಿ ಸಲ ಒಂದು ಗೇಣು ಮುಂದೆ ಚುಚ್ಚುತ್ತ, ಚುಚ್ಚುತ್ತ,
ಕ್ಲಿಪ್ಪು ಕಳಚಿ ಜೋತ ಬಟ್ಟೆಟೇಪಿನ ಗಂಟಿಗೆ ಬಂದೆ.
ಬ್ಲೇಡಿನಿಂದ ಸೀಳಿದೆ.

ಬಿಳಿ ತಂತಿ, ಬಿಳಿ ತಂತಿಗೆ ಬರಿಗೈಯಲ್ಲಿ ಹೊಸೆದದ್ದು.
ಬೆಸುಗೆ ಇಲ್ಲ.
ಗಾಡಿ ವಾಲಿದರೆ ಬಾಯಿ ತೆರೆಯುತ್ತದೆ, ಕೂದಲೆಳೆಯಷ್ಟು.
ಹೊಸೆತ ಉಲ್ಟಾ.
ಉಲ್ಟಾ ಹೊಸೆಯುವವ ಎಡಗೈಯವ.
ಆಶಾನ್ ಶೆಡ್ಡಿನಲ್ಲಿ ಎಡಗೈಯವ ಒಬ್ಬನೇ ಇದ್ದ.

ಪುತ್ತರಿಯ ಹಿಂದಿನ ಸಂಜೆ. ನನಗೆ ಹದಿನಾರು.
ಕರೆಂಟು ಹೋಗಿ ಬೆಸುಗೆಕಡ್ಡಿ ತಣ್ಣಗೆ.
ಹೊರಗೆ ಪಳಂಗಪ್ಪನವರು ಕುಪ್ಯ ಉಟ್ಟು ಗಡಿಯಾರ ನೋಡುತ್ತಿದ್ದರು.
"ಮೊಯ್ದೂ, ಬೆಸುಗೆ ಹಾಕಿದೆಯಾ?"
"ಹಾಕಿದೆ, ಆಶಾನೇ."
ಮುಂದಿನ ವರ್ಷ ಗಾಡಿ ಮೆಣಸಿನ ಗೋದಾಮು ಸೇರಿತು,
ಟಾರ್ಪಾಲಿನಡಿ ಇಪ್ಪತ್ತಾರು ವರ್ಷ,
ನನ್ನ ಮಾತನ್ನು ಉಳಿಸಿಕೊಂಡು.
ಆಶಾನ್ ಅದನ್ನು ನಂಬಿಯೇ ಹೋದರು. ಅಥವಾ ಇಲ್ಲ.
ಟೇಪು ಎರಡು ಸುತ್ತು ಜಾಸ್ತಿ ಇತ್ತು. ನಾನು ಸುತ್ತಿದ್ದು ಒಂದೇ.

ಬೆಸುಗೆ ಹಾಕಿದೆ. ಸೀಸ ಕರಗಿ
ತಾಮ್ರದೊಳಗೆ ಇಳಿಯುವುದನ್ನು ಸಿನೋಜನಿಗೆ ತೋರಿಸಿದೆ.
ಯಾಕೆ ಇಷ್ಟು ಹೊತ್ತು ಅಂತ ಅವನು ಕೇಳಲಿಲ್ಲ.

"ಎಲ್ಲಿತ್ತಪ್ಪಾ?" ಅಂದರು ಪಳಂಗಪ್ಪ.
"ಒಳಗಿತ್ತು."
"ಯಾವ ಕತ್ತೆ ಮಾಡಿದ್ದು?"
ಬಿಲ್ಲಿನಲ್ಲಿ ಟೇಪಿನ ದುಡ್ಡು ಬರೆದೆ, ಕೂಲಿಯ ಜಾಗ ಖಾಲಿ ಬಿಟ್ಟು,
ಪುಸ್ತಕ ಅವರ ಕಡೆಗೆ ತಿರುಗಿಸಿದೆ.
"ಎಡಗೈಯ ಕತ್ತೆ" ಅಂದೆ.
ಅವರು ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು.
ತುಂಬ ಹೊತ್ತು ನೋಡಿದರು.

ಆಮೇಲೆ ಗಾಡಿ ಹೊರಟಿತು, ಪೊನ್ನಂಪೇಟೆ ಕಡೆ,
ಎಡಕ್ಕೆ ತಿರುಗಿತು, ಸಾಯಲಿಲ್ಲ.
ಹಾರ್ನು ಮಾತ್ರ ತನ್ನಷ್ಟಕ್ಕೆ ಒಮ್ಮೆ ಪೀಂ ಅಂದಿತು.
ಅದು ನನ್ನದಲ್ಲ.
ಶನಿವಾರ ನೋಡೋಣ.